ನಾಳೆಗೆಂದು ನೆಟ್ಟ ಕಾಡು

ಕೊಚ್ಚಿ ನಗರದ ಅಂಚಿನಲ್ಲಿರುವ ತ್ರಿಪ್ಪುಣಿತ್ತುರ, ಕೊಚ್ಚಿ ಸಂಸ್ಥಾನದ ಅರಸು ಮನೆತನದ ಊರು. ಅಲ್ಲಿನ ಪೂರ್ಣತ್ರಯೀಶ ದೇವಾಲಯದ ವೃಶ್ಚಿಕೋತ್ಸವದಲ್ಲಿ ಇಂದಿಗೂ 15 ಆನೆಗಳು ಸಾಲುಗಟ್ಟಿ ನಿಲ್ಲುತ್ತವೆ. ಆನೆಗಳ ಹಣೆಗೆ ಕಟ್ಟುವ ಹೊಳೆಯುವ ಆಭರಣಕ್ಕೆ ಮಲಯಾಳದಲ್ಲಿ ನೆಟ್ಟಿಪಟ್ಟಂ ಎನ್ನುತ್ತಾರೆ. ಒಂದು ಕಾಲದಲ್ಲಿ ದೇವಾಲಯದಲ್ಲಿ ಚಿನ್ನದ ನೆಟ್ಟಿಪಟ್ಟಂಗಳು 15 ಇದ್ದವು, ಅವುಗಳಲ್ಲಿ 14ನ್ನು ರಾಜರ್ಷಿ ರಾಮವರ್ಮ ಮಾರಿಸಿದ ಎಂಬ ಮಾತು ಊರಿನಲ್ಲಿ ಪ್ರಸಿದ್ಧ. 1895ರಲ್ಲಿ ಪಟ್ಟಕ್ಕೆ ಬಂದು 1914ರಲ್ಲಿ ತಾನಾಗಿಯೇ ಪಟ್ಟ ಬಿಟ್ಟ ಈ ಅರಸನಿಗೆ ಹಣ ಬೇಕಾಗಿದ್ದದ್ದು ರೈಲಿಗಾಗಿ. ಶೋರನೂರಿನಿಂದ ಎರ್ಣಾಕುಳಂವರೆಗಿನ ಆ ರೈಲು 1902ರಲ್ಲಿ ಓಡಿತು.

ರೈಲೇನೋ ಬಂತು. ಅದರ ಮೇಲೆ ಸಾಗಿಸುವುದಕ್ಕೆ ಸಂಸ್ಥಾನದ ಬಳಿ ಏನಿತ್ತು? ಸಂಸ್ಥಾನದ ಪೂರ್ವ ತುದಿಯಲ್ಲಿ, ಆನೆಮಲೆಯ ಮಡಿಲಿನ ಪರಂಬಿಕುಳಂನಲ್ಲಿ, ತೇಗ ಮತ್ತು ಬೀಟೆ ತುಂಬಿದ ಕಾಡಿತ್ತು. ಮರ ಕಡಿಯುವುದು ಕಷ್ಟದ ಕೆಲಸವಾಗಿರಲಿಲ್ಲ, ಕಷ್ಟವಿದ್ದದ್ದು ಅದನ್ನು ಕೆಳಗೆ ತರುವುದರಲ್ಲಿ. ಅದಕ್ಕಾಗಿ ಚಾಲಕ್ಕುಡಿ ರೈಲು ನಿಲ್ದಾಣದಿಂದ ಪರಂಬಿಕುಳಂವರೆಗೆ ಸುಮಾರು 80 ಕಿಲೋಮೀಟರ್ ಉದ್ದದ ಕಾಡಿನ ಟ್ರಾಮ್ ಮಾರ್ಗ ಹಾಕಿದರು. 1907ರಿಂದ ಅದು ಕೆಲಸ ಮಾಡತೊಡಗಿತು. ಸಮತಟ್ಟಾದ ಕಡೆ ಜರ್ಮನಿಯಿಂದ ತಂದ ಉಗಿ ಎಂಜಿನ್ ಎಳೆಯುತ್ತಿತ್ತು. ಕಡಿದಾದ ಇಳಿಜಾರಿನಲ್ಲಿ ಎಂಜಿನ್ ಬೇಕೇ ಇರಲಿಲ್ಲ. ದಿಮ್ಮಿ ತುಂಬಿದ ಬಂಡಿ ತನ್ನ ಭಾರಕ್ಕೆ ತಾನೇ ಇಳಿಯುವಾಗ, ಅದೇ ಹಗ್ಗದ ಇನ್ನೊಂದು ತುದಿಗೆ ಕಟ್ಟಿದ ಖಾಲಿ ಬಂಡಿ ಮೇಲೇರುತ್ತಿತ್ತು. ಬಾವಿಯ ರಾಟೆಯ ಎರಡು ಕೊಡಗಳಂತೆ. ಕಾಡಿನ ತೂಕವೇ ಕಾಡನ್ನು ಖಾಲಿ ಮಾಡುವ ಶಕ್ತಿಯೂ ಆಗಿತ್ತು.

ಕಡಿದ ಜಾಗ ಬರಿದಾಗಿ ಉಳಿಯಬಾರದಲ್ಲ. ಅಲ್ಲಿ ತೇಗದ ಸಸಿ ನೆಟ್ಟರು. ಸಾಲು ಸಾಲಾಗಿ, ಅಳತೆ ಹಿಡಿದು, ಒಂದೇ ಜಾತಿಯ ಮರ. ಮುಂದಿನ ತಲೆಮಾರು ಕಡಿದು ಬೊಕ್ಕಸ ತುಂಬಿಕೊಳ್ಳಲಿ ಎಂಬುದು ಲೆಕ್ಕ. ಆದರೆ ಆ ತೇಗ ಬಲಿಯುವ ಹೊತ್ತಿಗೆ ಕೊಚ್ಚಿ ಸಂಸ್ಥಾನವೇ ಇರಲಿಲ್ಲ. 1949ರಲ್ಲಿ ಅದು ತಿರುವಾಂಕೂರಿನ ಜೊತೆ ಸೇರಿತು, ಟ್ರಾಮ್ ಕೂಡ ಶತಮಾನದ ನಡುವಿನಲ್ಲಿ ನಿಂತಿತು. ಪರಂಬಿಕುಳಂ 1973ರಲ್ಲಿ ಅಭಯಾರಣ್ಯವಾಯಿತು, 2010ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಮಾರುವುದಕ್ಕೆಂದು ನೆಟ್ಟ ತೇಗದ ನಡುವೆ ಈಗ ಕಾಟಿಗಳು ಮೇಯುತ್ತವೆ.

ಮರ ನೆಡುವುದೆಂದರೆ ಭವಿಷ್ಯದ ಮೇಲೆ ಪಣ ಕಟ್ಟುವುದು. ಭತ್ತ ಬಿತ್ತಿದವನಿಗೆ ನಾಲ್ಕು ತಿಂಗಳಿನಲ್ಲಿ ತಪ್ಪು ಗೊತ್ತಾಗುತ್ತದೆ. ತೇಗ ನೆಟ್ಟವನ ತಪ್ಪು ಮೊಮ್ಮಕ್ಕಳಿಗೆ ಗೊತ್ತಾಗುತ್ತದೆ. ಈಗ ಹವಾಮಾನ ಬದಲಾಗುತ್ತಿರುವಾಗ ಯಾವ ಸಸಿ ನೆಡಬೇಕು, ಊರಿನದೋ ಹೊರಗಿನದೋ ಎಂಬ ಪ್ರಶ್ನೆ ಜಗತ್ತಿನ ಎಲ್ಲೆಡೆ ಎದ್ದಿದೆ. ಪಶ್ಚಿಮ ಘಟ್ಟದಲ್ಲಿ ಇದು ಹೊಸ ಪ್ರಶ್ನೆಯೇನಲ್ಲ. ಇಲ್ಲಿ 180 ವರ್ಷಗಳಿಂದ ಇಂಥ ಪಣಗಳನ್ನು ಕಟ್ಟಿದ್ದಾರೆ. ಗೆದ್ದದ್ದೆಷ್ಟು, ಸೋತದ್ದೆಷ್ಟು ಎಂಬುದನ್ನು ಕಾಡಿನಲ್ಲೇ ನೋಡಬಹುದು.

ಓಕ್ ಮುಗಿದಾಗ ತೇಗ

ಇಂಗ್ಲೆಂಡಿನ ನೌಕಾಪಡೆ ಕಟ್ಟಿದ್ದು ಓಕ್ ಮರದಿಂದ. ನೆಪೋಲಿಯನ್ ಯುದ್ಧಗಳ ಕಾಲಕ್ಕೆ ಆ ದ್ವೀಪದಲ್ಲಿ ಹಡಗಿಗೆ ತಕ್ಕ ಓಕ್ ವಿರಳವಾಯಿತು. ಕಣ್ಣು ಮಲಬಾರಿನ ತೇಗದ ಮೇಲೆ ಬಿತ್ತು. ತೇಗಕ್ಕೆ ಇಂಗ್ಲಿಷರು ಇಟ್ಟ ಇನ್ನೊಂದು ಹೆಸರೇ ಭಾರತದ ಓಕ್. ಅದರಲ್ಲಿನ ಎಣ್ಣೆಯಂಶದಿಂದ ಕಬ್ಬಿಣದ ಮೊಳೆಗೆ ತುಕ್ಕು ಕಡಿಮೆ, ಗೆದ್ದಲು ಮುಟ್ಟುವುದಿಲ್ಲ, ನೀರಿನಲ್ಲಿ ಬಿರಿಯುವುದಿಲ್ಲ. ಮುಂಬಯಿಯ ಹಡಗುಕಟ್ಟೆಯಲ್ಲಿ ವಾಡಿಯಾ ಮನೆತನದವರು ತೇಗದಿಂದ ಯುದ್ಧನೌಕೆಗಳನ್ನು ಕಟ್ಟಿದರು. 1817ರಲ್ಲಿ ಅಲ್ಲಿಂದ ನೀರಿಗಿಳಿದ ‘ಟ್ರಿಂಕೋಮಲಿ’ ಎಂಬ ಹಡಗು ಇಂಗ್ಲೆಂಡಿನ ಹಾರ್ಟ್ಲ್‌ಪೂಲ್ ಬಂದರಿನಲ್ಲಿ ಈಗಲೂ ತೇಲುತ್ತಿದೆ.

ಈ ಹಸಿವಿಗೆ ಕಾಡು ತಡೆಯಲಿಲ್ಲ. 1806ರಲ್ಲಿ ಕಂಪನಿ ಸರ್ಕಾರ ಕ್ಯಾಪ್ಟನ್ ವಾಟ್ಸನ್ ಎಂಬ ಪೊಲೀಸ್ ಅಧಿಕಾರಿಯನ್ನು ಅರಣ್ಯ ಸಂರಕ್ಷಕನನ್ನಾಗಿ ನೇಮಿಸಿ, ತೇಗವೆಲ್ಲ ತನ್ನದೇ ಎಂದು ಸಾರಿತು. ಜಮೀನಿನ ಒಡೆಯರು, ಮರದ ವ್ಯಾಪಾರಿಗಳು, ರೈತರು ಎಲ್ಲರೂ ತಿರುಗಿಬಿದ್ದರು. ಹಿಂದೆ ಕೆನರಾ ಜಿಲ್ಲೆಯ ಕಲೆಕ್ಟರ್ ಆಗಿದ್ದ ಥಾಮಸ್ ಮನ್ರೋ ಮದರಾಸಿನ ಗವರ್ನರ್ ಆದ ಮೇಲೆ 1823ರಲ್ಲಿ ಆ ಹುದ್ದೆಯನ್ನೇ ರದ್ದು ಮಾಡಿದ. ಹುದ್ದೆ ಹೋಯಿತು, ಕಡಿಯುವುದು ನಿಲ್ಲಲಿಲ್ಲ.

1840ರ ಹೊತ್ತಿಗೆ ಮಲಬಾರಿನ ಕಲೆಕ್ಟರ್ ಎಚ್. ವಿ. ಕೊನೊಲಿಗೆ ಒಂದು ಯೋಚನೆ ಬಂತು. ಕಾಡು ಕೊಡುವುದನ್ನು ಕಾಯುವ ಬದಲು ತೇಗವನ್ನು ಬೆಳೆಯಂತೆ ಬೆಳೆದರೆ ಹೇಗೆ? ಚಾಲಿಯಾರ್ ಹೊಳೆಯ ದಡದ ನಿಲಂಬೂರಿನಲ್ಲಿ ಜಮೀನನ್ನು ಗೇಣಿಗೆ ಹಿಡಿದು 1842ರಲ್ಲಿ ಪ್ರಯತ್ನ ಆರಂಭವಾಯಿತು. ಮೊದಲಿಗೆ ಬೀಜವೇ ಮೊಳೆಯಲಿಲ್ಲ. ತೇಗದ ಕಾಯಿಗೆ ದಪ್ಪ ನಾರಿನ ಕವಚ, ಒಳಗೆ ಕಲ್ಲಿನಂಥ ಓಟೆ. ಹಲವು ವಿಧಾನಗಳು ಸೋತ ಮೇಲೆ, ಬೀಜವನ್ನು ನೀರಿನಲ್ಲಿ ನೆನೆಸಿ, ಪಾತಿಯಲ್ಲಿ ಬಿತ್ತಿ, ಮೇಲೆ ಹುಲ್ಲು ಹೊದಿಸಿ ತೇವ ಕಾಯುವ ಕ್ರಮ ಫಲಿಸಿತು. ಈ ಕೆಲಸವನ್ನು ನಿಂತು ಮಾಡಿಸಿದವರು ಚಾತು ಮೇನೋನ್ ಎಂಬ ಸ್ಥಳೀಯ ಅಧಿಕಾರಿ. ಜಗತ್ತಿನ ಮೊದಲ ತೇಗದ ನೆಡುತೋಪು ಎಂದು ಹೆಸರಾದ ಜಾಗದ ತುಣುಕೊಂದು ಕೊನೊಲಿಯ ಹೆಸರಿನಲ್ಲಿ ಇಂದಿಗೂ ಉಳಿದಿದೆ. ಚಾತು ಮೇನೋನರ ಹೆಸರು ನಿಲಂಬೂರಿನ ಹೊರಗೆ ಕೇಳಿಬರುವುದು ಅಪರೂಪ.

ತೇಗ ಬಲಿಯಲು 60 ವರ್ಷವಾದರೂ ಬೇಕು. ನಿಲಂಬೂರಿನ ಸಸಿಗಳಿಗೆ ಇನ್ನೂ 20 ವರ್ಷ ತುಂಬಿರಲಿಲ್ಲ, 1860ರಲ್ಲಿ ಬ್ರಿಟಿಷ್ ನೌಕಾಪಡೆ ಕಬ್ಬಿಣದ ಮೈಯ ‘ವಾರಿಯರ್’ ಎಂಬ ಯುದ್ಧನೌಕೆಯನ್ನು ನೀರಿಗಿಳಿಸಿತು. ಮರದ ಯುದ್ಧನೌಕೆಗಳ ಕಾಲ ಅಲ್ಲಿಗೆ ಮುಗಿಯಿತು. ಹಡಗಿಗೆಂದು ನೆಟ್ಟ ತೇಗ ಹಡಗಿನ ಕಾಲ ಕಳೆದ ಮೇಲೆ ಬಲಿಯಿತು. ಕೊನೊಲಿಯ ಪಣ ಪೂರ್ತಿ ಸೋಲಲಿಲ್ಲ. ಬಾಗಿಲು, ತೊಲೆ, ಪೀಠೋಪಕರಣಗಳಿಗೆ ತೇಗ ಬೇಕೇ ಆಯಿತು. ಗೆದ್ದದ್ದು ಊಹೆ ಸರಿಯಾಗಿದ್ದರಿಂದಲ್ಲ, ಮರಕ್ಕೆ ಹತ್ತು ಉಪಯೋಗವಿದ್ದದ್ದರಿಂದ.

ಊರಿನ ಮರ, ಬೇರೆ ಜಾಗ

ತೇಗ ಹೊರಗಿನ ಮರವಲ್ಲ. ಪಶ್ಚಿಮ ಘಟ್ಟದ ಎಲೆಯುದುರುವ ಕಾಡಿನಲ್ಲಿ ಅದು ಮತ್ತಿ, ಹೊನ್ನೆ, ನಂದಿ, ಬೀಟೆ, ಬಿದಿರುಗಳ ಜೊತೆ ತಾನಾಗಿ ಬೆಳೆಯುತ್ತದೆ. ಪರಂಬಿಕುಳಂನ ‘ಕನ್ನಿಮಾರ’ ತೇಗ ದೇಶದ ಅತಿ ದೊಡ್ಡ ತೇಗದ ಮರಗಳಲ್ಲೊಂದು, ಸುತ್ತಲಿನ ಆದಿವಾಸಿಗಳಿಗೆ ಪೂಜೆಯ ಮರ. ಆದರೆ ನೆಡುತೋಪಿನ ತೇಗದ ಸ್ವಭಾವವೇ ಬೇರೆ. ನೂರು ಜಾತಿಗಳ ನಡುವೆ ಒಂದಾಗಿದ್ದ ಮರ ಅಲ್ಲಿ ಒಂಟಿ ಜಾತಿಯಾಗುತ್ತದೆ. ಬೇಸಿಗೆಯಲ್ಲಿ ತೋಪಿಗೆ ತೋಪೇ ಎಲೆ ಉದುರಿಸಿ ನೆಲ ಒಣಗುತ್ತದೆ, ಬೆಂಕಿ ಬಿದ್ದರೆ ಓಡುತ್ತದೆ. ಮಳೆಗಾಲದಲ್ಲಿ ದೊಡ್ಡ ಎಲೆಗಳ ಮೇಲೆ ಕೂಡಿಕೊಂಡ ನೀರು ದಪ್ಪ ಹನಿಯಾಗಿ ಬೋಳು ನೆಲಕ್ಕೆ ಬಿದ್ದು ಮಣ್ಣು ಕೊಚ್ಚುತ್ತದೆ. ಆನೆಗೆ ಬೇಕಾದ ಬಿದಿರು, ಹುಲ್ಲು ಕಡಿಮೆಯಾಗುತ್ತವೆ.

ಉತ್ತರ ಕನ್ನಡದ ದಾಂಡೇಲಿ, ಯಲ್ಲಾಪುರದ ಸುತ್ತಲಿನವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಯೂ ಸರ್ಕಾರ ಸಾಗುವಾನಿಯನ್ನು ತನ್ನ ಮರವೆಂದು ಕಾಯ್ದಿತು, ಕುಮರಿ ಬೇಸಾಯಗಾರರನ್ನು ಕಾಡಿನ ಶತ್ರುಗಳೆಂದು ಹೊರಗಟ್ಟಿತು. ಹೀಗಾಗಿ ಒಂದು ಮರ ಊರಿನದು ಎಂದ ಮಾತ್ರಕ್ಕೆ ಅದು ಆ ಜಾಗದ್ದೂ ಆಗುವುದಿಲ್ಲ. ನಿತ್ಯಹರಿದ್ವರ್ಣದ ಕಾಡು ಕಡಿದು ನೆಟ್ಟ ತೇಗಕ್ಕೆ ಜನ್ಮಪತ್ರ ಇಲ್ಲಿಯದೇ ಇರಬಹುದು, ಆ ನೆಲಕ್ಕೆ ಅದು ನೆಂಟನೇ.

ನೀಲಗಿರಿ ಎಂಬ ಆಸ್ಟ್ರೇಲಿಯದ ಮರ

ಹೊರಗಿನಿಂದ ಬಂದವುಗಳಲ್ಲಿ ಮೊದಲ ಸ್ಥಾನ ಯೂಕಲಿಪ್ಟಸ್‌ಗೆ. ಟಿಪ್ಪು ಸುಲ್ತಾನ್ 1790ರ ಸುಮಾರಿಗೆ ನಂದಿಬೆಟ್ಟದಲ್ಲಿ ಇದನ್ನು ನೆಡಿಸಿದನೆಂಬ ಮಾತು ಅರಣ್ಯ ಇಲಾಖೆಯವರ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ದೊಡ್ಡ ಪ್ರಮಾಣದ ನೆಡುವಿಕೆ ನಡೆದದ್ದು 1843ರ ನಂತರ ಊಟಿಯ ಬೆಟ್ಟಗಳಲ್ಲಿ, ಸೌದೆಗಾಗಿ. ಕನ್ನಡಿಗರು ಅದನ್ನು ಕಂಡದ್ದು ಆ ಬೆಟ್ಟಗಳಲ್ಲಿಯೇ ಇರಬೇಕು. ಆಸ್ಟ್ರೇಲಿಯದ ಮರಕ್ಕೆ ನಮ್ಮ ಬೆಟ್ಟದ ಹೆಸರೇ ನಿಂತಿತು: ನೀಲಗಿರಿ. ಚರ್ಮ ಹದಮಾಡುವ ತೊಗಟೆಗಾಗಿ ವಾಟಲ್ ಬಂತು. ಮುನ್ನಾರಿನ ಚಹಾ ತೋಟಗಳ ಒಲೆಗೆ ಯೂಕಲಿಪ್ಟಸ್, ಬೆಟ್ಟದ ಹುಲ್ಲುಗಾವಲುಗಳ ಮೇಲೆ ವಾಟಲ್. ಎರ್ಣಾಕುಳಂಗೆ ರೈಲು ಬಂದ ಅದೇ 1902ರಲ್ಲಿ, ಪೆರಿಯಾರ್ ದಡದ ತಟ್ಟೇಕ್ಕಾಡಿನಲ್ಲಿ ಬ್ರೆಜಿಲಿನ ರಬ್ಬರ್ ತೋಟ ಎದ್ದಿತು.

ಸ್ವಾತಂತ್ರ್ಯದ ನಂತರ ಹೊಸ ದೇವರು ಕಾಗದ. ದಾಂಡೇಲಿಯ ಕಾಗದದ ಕಾರ್ಖಾನೆಗೆ ಬಿದಿರು ಟನ್ನಿಗೆ ಒಂದೂವರೆ ರೂಪಾಯಿಗೆ ಸಿಕ್ಕಿತು. ಕೇರಳದ ಮಾವೂರಿನ ರೇಯಾನ್ ಕಾರ್ಖಾನೆಗೆ ಇನ್ನೂ ಅಗ್ಗ, ಟನ್ನಿಗೆ ಒಂದು ರೂಪಾಯಿ. ಬುಟ್ಟಿ ಹೆಣೆಯುವವನು ಪೇಟೆಯಲ್ಲಿ ಕೊಡುತ್ತಿದ್ದ ಬೆಲೆಗೂ ಇದಕ್ಕೂ ಹೋಲಿಕೆಯೇ ಇರಲಿಲ್ಲ. ಬಿದಿರು ಮುಗಿಯಿತು. ಆಗ ಕಾರ್ಖಾನೆಗಳಿಗೆ ಬೇಗ ಬೆಳೆಯುವ ಮರ ಬೇಕಾಯಿತು. ಬೆಟ್ಟ, ಗೋಮಾಳ, ಕಾಡಿನ ಅಂಚು ಎಲ್ಲ ಕಡೆ ನೀಲಗಿರಿ, ಆಮೇಲೆ ಅಕೇಶಿಯಾ. ತ್ರಿಪ್ಪುಣಿತ್ತುರದ ದಕ್ಷಿಣಕ್ಕಿರುವ ವೆಳ್ಳೂರಿನಲ್ಲಿ 1980ರ ದಶಕದಲ್ಲಿ ಪತ್ರಿಕಾ ಕಾಗದದ ಸರ್ಕಾರಿ ಕಾರ್ಖಾನೆ ಶುರುವಾದಾಗ ಕೇರಳದ ಅರಣ್ಯ ಇಲಾಖೆಯೂ ಅದಕ್ಕೆ ಮರ ಬೆಳೆದುಕೊಡುವ ಹೊಣೆ ಹೊತ್ತಿತು.

ಇದಕ್ಕೆ ಎದುರಾಗಿ ನಿಂತ ಘಟನೆಗಳಲ್ಲಿ ಮುಖ್ಯವಾದದ್ದು ಕನ್ನಡ ನೆಲದ್ದು. 1984ರಲ್ಲಿ ಕರ್ನಾಟಕ ಸರ್ಕಾರ ಹರಿಹರ ಪಾಲಿಫೈಬರ್ಸ್ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಮಾಡಿ, ಸುಮಾರು 30,000 ಹೆಕ್ಟೇರ್ ಭೂಮಿಯನ್ನು ನೀಲಗಿರಿಗೆ ಬಿಟ್ಟುಕೊಡುವ ನಿರ್ಧಾರ ಮಾಡಿತು. ಆ ಭೂಮಿ ಹಳ್ಳಿಯವರು ದನ ಮೇಯಿಸುತ್ತಿದ್ದ, ಸೊಪ್ಪು ಸೌದೆ ತರುತ್ತಿದ್ದ ಜಾಗ. ಸಮಾಜ ಪರಿವರ್ತನ ಸಮುದಾಯದ ಎಸ್. ಆರ್. ಹಿರೇಮಠರು, ಶಿವರಾಮ ಕಾರಂತರು ಮೊದಲಾದವರು ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು, ಇಂದಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿಗಳನ್ನು ಕಿತ್ತು, ಆ ಗುಣಿಗಳಲ್ಲೇ ತಮಗೆ ಬೇಕಾದ ಸಸಿಗಳನ್ನು ಹಚ್ಚಿದರು. ‘ಕಿತ್ತಿಕೊ–ಹಚ್ಚಿಕೊ’ ಎಂಬುದು ಸತ್ಯಾಗ್ರಹದ ಹೆಸರು. ಬರೀ ಕೀಳುವುದಾಗಿದ್ದರೆ ಅದು ಪ್ರತಿಭಟನೆ ಮಾತ್ರ ಆಗುತ್ತಿತ್ತು. ಹಚ್ಚಿದ್ದರಿಂದ ಅದು ಒಂದು ವಾದವಾಯಿತು: ಯಾವ ಮರ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಯಾರು? 1991ರಲ್ಲಿ ಕಂಪನಿಯನ್ನು ಮುಚ್ಚಲಾಯಿತು.

ಕನ್ನಡ ನಾಡಿನ ಓಕ್

ನಿಜವಾದ ಓಕ್ ಮರಗಳು ಭಾರತದಲ್ಲಿ ಹಿಮಾಲಯ ಮತ್ತು ಈಶಾನ್ಯದ ಬೆಟ್ಟಗಳವು. ದಕ್ಷಿಣದ ಘಟ್ಟಗಳಲ್ಲಿ ಕಾಡು ಓಕ್ ಇಲ್ಲ. ಕನ್ನಡಿಗರಿಗೆ ಗೊತ್ತಿರುವ ಓಕ್ ಎಂದರೆ ಕಾಫಿ ತೋಟದ ಸಿಲ್ವರ್ ಓಕ್. ಅದೂ ಓಕ್ ಅಲ್ಲ, ಆಸ್ಟ್ರೇಲಿಯದ ಬೇರೆಯೇ ಕುಟುಂಬದ ಮರ. ಕೊಡಗಿನಲ್ಲಿ ಹಿಂದೆ ಕಾಫಿಗೆ ನೆರಳು ಕೊಡುತ್ತಿದ್ದದ್ದು ಬೀಟೆ, ನಂದಿ, ಹಲಸು, ಅತ್ತಿ, ಹೊನ್ನೆಯಂಥ ಕಾಡುಮರಗಳು. ಅವುಗಳ ಜಾಗಕ್ಕೆ ಸಿಲ್ವರ್ ಓಕ್ ಬಂದದ್ದಕ್ಕೆ ಕಾರಣ ಬರೀ ಅದರ ವೇಗವಲ್ಲ. ಅದರ ನೆಟ್ಟಗಿನ ಕಾಂಡಕ್ಕೆ ಮೆಣಸಿನ ಬಳ್ಳಿ ಚೆನ್ನಾಗಿ ಹಬ್ಬುತ್ತದೆ ಎಂಬುದು ಒಂದು. ಕಾನೂನು ಇನ್ನೊಂದು.

ಕೊಡಗಿನ ಬಹಳಷ್ಟು ಜಮೀನಿನಲ್ಲಿ ತಾನಾಗಿ ಬೆಳೆದ ಬೆಲೆಬಾಳುವ ಮರದ ಮೇಲೆ ಸರ್ಕಾರದ ಹಕ್ಕಿದೆ. ಕಡಿಯಬೇಕಾದರೆ ಅರ್ಜಿ, ತಪಾಸಣೆ, ಕಪ್ಪ, ಕಾಯುವಿಕೆ. ಸಿಲ್ವರ್ ಓಕ್‌ಗೆ 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯಲ್ಲಿ ವಿನಾಯಿತಿ ಇದೆ. ನೀಲಗಿರಿಗೂ ಇದೆ. ಬೀಟೆಯ ಸಸಿಯನ್ನು ಕಾಪಾಡಿ ಬೆಳೆಸಿದವನಿಗೆ ತಲೆನೋವು, ಆಸ್ಟ್ರೇಲಿಯದ ಮರ ನೆಟ್ಟವನಿಗೆ ಸ್ವಾತಂತ್ರ್ಯ. ಕೇರಳದಲ್ಲೂ ಪಟ್ಟಾ ಜಮೀನಿನ ತೇಗ, ಬೀಟೆ, ಕರಿಮರಗಳನ್ನು ‘ರಾಜವೃಕ್ಷ’ವೆಂದು ಸರ್ಕಾರ ಕಾಯ್ದಿರಿಸಿಕೊಂಡಿದೆ. ಉಳಿಸಲೆಂದು ಮಾಡಿದ ಕಾನೂನೇ ರೈತನ ಕೈಯಲ್ಲಿ ಸಸಿಯನ್ನು ಚಿವುಟಿಸುತ್ತದೆ.

ನರ್ಸರಿಯ ಅನುಕೂಲವೂ ಇದೇ ದಿಕ್ಕಿಗೆ ತಳ್ಳುತ್ತದೆ. ತೇಗದ ಬೀಜವನ್ನು ಮೂಟೆ ಕಟ್ಟಿ ಇಡಬಹುದು. ಎಳೆಯ ಗಿಡದ ಕಾಂಡ, ಬೇರು ಕತ್ತರಿಸಿ ಕಡ್ಡಿಯಂತೆ ಮಾಡಿ ಲಾರಿಯಲ್ಲಿ ಸಾಗಿಸಿ ಎಲ್ಲಿ ಬೇಕಾದರೂ ಊರಬಹುದು. ನಿತ್ಯಹರಿದ್ವರ್ಣ ಕಾಡಿನ ಸಾಲುಧೂಪ, ಕಿರಾಲಬೋಗಿ ಮರಗಳ ಬೀಜ ಹಾಗಲ್ಲ. ಮಳೆಗಾಲದ ಆಸುಪಾಸಿನಲ್ಲಿ ಬಿದ್ದ ಬೀಜ ಕೆಲವೇ ದಿನ ಅಥವಾ ವಾರಗಳಲ್ಲಿ ಜೀವ ಕಳೆದುಕೊಳ್ಳುತ್ತದೆ. ಅದನ್ನು ಆರಿಸುವವರು ಕಾಡಿನಲ್ಲೇ ಇರಬೇಕು, ಯಾವ ಮರ ಯಾವ ವರ್ಷ ಕಾಯಿ ಬಿಡುತ್ತದೆಂದು ತಿಳಿದಿರಬೇಕು. ಮಾರ್ಚ್ ತಿಂಗಳ ಲೆಕ್ಕಕ್ಕೆ ಹಣ ಖರ್ಚು ಮಾಡಬೇಕಾದ ಕಚೇರಿಗೆ ಇದು ಒಗ್ಗುವುದಿಲ್ಲ.

ಬಿಸಿಯಾಗುವ ನಾಳೆಗೆ ಯಾವ ಸಸಿ?

ಈಗ ಹವಾಮಾನದ ಪ್ರಶ್ನೆ. ಮರ ನಡೆಯುವುದಿಲ್ಲ, ಅದರ ಬೀಜ ನಡೆಯುತ್ತದೆ. ತಾಪಮಾನ ಏರುವ ವೇಗಕ್ಕೆ ಬೀಜದ ನಡಿಗೆ ಸಾಲದೆಂಬ ಆತಂಕದಿಂದ, ಬಿಸಿ ಪ್ರದೇಶದ ಸಸಿಗಳನ್ನು ಮನುಷ್ಯರೇ ತಂಪು ಪ್ರದೇಶಕ್ಕೆ ಒಯ್ದು ನೆಡುವ ಪ್ರಯೋಗಗಳು ನಡೆದಿವೆ. ಅಮೆರಿಕದ ಮಿನ್ನೆಸೋಟದ ಉತ್ತರ ಕಾಡುಗಳಲ್ಲಿ, ದಕ್ಷಿಣದ ಬೀಜದಿಂದ ಬೆಳೆಸಿದ ಓಕ್ ಸಸಿಗಳನ್ನು ನೆಟ್ಟು ನೋಡಿದ್ದಾರೆ. ಬ್ರಿಟನ್ನಿನಲ್ಲೂ ತಮಗಿಂತ ಕೆಲವು ಅಕ್ಷಾಂಶ ದಕ್ಷಿಣದ ಬೀಜ ತರುವ ಸಲಹೆ ಇದೆ. ಅದೇ ಜಾತಿ, ಬೇರೆ ಊರಿನ ಬೀಜ. ಇದು ಭಾರತಕ್ಕೆ ಹೊಸದಲ್ಲ. 1930ರ ದಶಕದಲ್ಲೇ ಇಲ್ಲಿನ ಅರಣ್ಯಾಧಿಕಾರಿಗಳು ನಾನಾ ಪ್ರಾಂತಗಳ ತೇಗದ ಬೀಜವನ್ನು ಬೇರೆ ಬೇರೆ ಊರುಗಳಲ್ಲಿ ಅಕ್ಕಪಕ್ಕ ಬಿತ್ತಿ, ಯಾವುದು ಎಲ್ಲಿ ಹೇಗೆ ಬೆಳೆಯುತ್ತದೆಂದು ಹೋಲಿಸಿದ್ದರು. ಆಗ ಅವರಿಗೆ ಬೇಕಿದ್ದದ್ದು ನೆಟ್ಟಗಿನ ದಿಮ್ಮಿ. ಈಗ ಅದೇ ಹೋಲಿಕೆ ಬರ ತಡೆಯುವ ಶಕ್ತಿಗಾಗಿ ಬೇಕಾಗಿದೆ.

ಊರಿನದು, ಹೊರಗಿನದು ಎಂಬ ಗೆರೆ ಎಷ್ಟು ಗಟ್ಟಿ? ಇದಕ್ಕೆ ಕೊಚ್ಚಿಯಲ್ಲೇ ಒಂದು ಸಾಕ್ಷಿ ಇದೆ. ಡಚ್ಚರ ಅಧಿಕಾರಿ ವಾನ್ ರೀಡೆ ಕೊಚ್ಚಿಯಲ್ಲಿದ್ದು ಮಾಡಿಸಿದ ‘ಹೋರ್ಟುಸ್ ಮಲಬಾರಿಕುಸ್’ ಎಂಬ ಸಸ್ಯಗ್ರಂಥದ 12 ಸಂಪುಟಗಳು 1678ರಿಂದ 1693ರವರೆಗೆ ಆಮ್ಸ್ಟರ್‌ಡ್ಯಾಮಿನಲ್ಲಿ ಅಚ್ಚಾದವು. ಗಿಡಗಳ ತಿಳಿವಳಿಕೆ ಕೊಟ್ಟವರು ಇಟ್ಟಿ ಅಚ್ಚುದನ್ ಎಂಬ ಮಲಯಾಳಿ ವೈದ್ಯರು ಮತ್ತು ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರು. ಅದರ ಇಂಗ್ಲಿಷ್ ಅನುವಾದ ಕೆ. ಎಸ್. ಮಣಿಲಾಲ್ ಅವರ ದಶಕಗಳ ದುಡಿಮೆಯಿಂದ 2003ರಲ್ಲಿ ತಿರುವನಂತಪುರದ ಕೇರಳ ವಿಶ್ವವಿದ್ಯಾಲಯದಿಂದ ಬಂತು. ಆ ಗ್ರಂಥದಲ್ಲಿ ತೇಗವಿದೆ. ಅದರ ಪಕ್ಕದಲ್ಲೇ ಗೇರು, ಪಪ್ಪಾಯಿ, ಪೇರಳೆ ಇವೆ. ಈ ಮೂರೂ ಅಮೆರಿಕದ ಗಿಡಗಳು. ಪೋರ್ಚುಗೀಸರು ಬಂದು ಇನ್ನೂ 200 ವರ್ಷ ತುಂಬುವ ಮೊದಲೇ ಅವು ಮಲಬಾರಿನ ತೋಟದ ಗಿಡಗಳಾಗಿದ್ದವು.

ಹಿತ್ತಿಲಿನ ಪಪ್ಪಾಯಿ ಯಾರಿಗೂ ಕೇಡು ಮಾಡಲಿಲ್ಲ. ವಯನಾಡಿನ ಕಾಡಿಗೆ ನುಗ್ಗಿದ ಹಳದಿ ಹೂವಿನ ಸೆನ್ನಾ ಮರ ಮಾಡಿದೆ. ಅಲಂಕಾರಕ್ಕೆಂದು ತಂದ ಈ ಅಮೆರಿಕದ ಮರ ಬಂಡೀಪುರ, ನಾಗರಹೊಳೆಗಳಿಗೂ ಹಬ್ಬಿ, ಅಡಿಯಲ್ಲಿ ಹುಲ್ಲು ಬೆಳೆಯಲು ಬಿಡದೆ ಜಿಂಕೆ, ಆನೆಗಳ ಮೇವು ಕಸಿದಿದೆ. ಎರಡೂ ಹೊರಗಿನವೇ. ವ್ಯತ್ಯಾಸವಿರುವುದು ಪಾಸ್‌ಪೋರ್ಟಿನಲ್ಲಲ್ಲ, ನಡತೆಯಲ್ಲಿ. ಈ ನಡತೆ ಗೊತ್ತಾಗುವುದಕ್ಕೆ ದಶಕಗಳು ಬೇಕಾದ್ದರಿಂದಲೇ, ಹವಾಮಾನದ ಹೆಸರಿನಲ್ಲಿ ಹೊಸದಾಗಿ ಹೊರಗಿನ ಮರ ತರುವುದು ಅಪಾಯದ ಪಣ.

ಕೇರಳ ಸರ್ಕಾರ 2021ರ ಅರಣ್ಯ ಪುನಶ್ಚೇತನ ನೀತಿಯಲ್ಲಿ ಅಕೇಶಿಯಾ, ವಾಟಲ್, ಯೂಕಲಿಪ್ಟಸ್ ತೋಪುಗಳನ್ನು ಹಂತಹಂತವಾಗಿ ತೆಗೆದು ಸಹಜ ಕಾಡಿಗೆ ಮರಳಿಸುವುದಾಗಿ ಹೇಳಿತು. ಆದರೆ 2024ರ ಮೇ ತಿಂಗಳಲ್ಲಿ, ಹಣದ ಮುಗ್ಗಟ್ಟಿನಲ್ಲಿದ್ದ ಅರಣ್ಯ ಅಭಿವೃದ್ಧಿ ನಿಗಮಕ್ಕೆ ಯೂಕಲಿಪ್ಟಸ್ ನೆಡಲು ಅನುಮತಿ ಕೊಟ್ಟ ಆದೇಶ ಹೊರಬಿತ್ತು. ಟೀಕೆ ಎದ್ದ ಮೇಲೆ ಆದೇಶ ತಿದ್ದಲಾಯಿತು. ನೀತಿ ಒಂದು ದಿಕ್ಕಿಗೆ, ಬೊಕ್ಕಸ ಇನ್ನೊಂದು ದಿಕ್ಕಿಗೆ ಎಳೆಯುವುದು ವಾಟ್ಸನ್ನನ ಕಾಲದಿಂದ ಬದಲಾಗಿಲ್ಲ. ಕರ್ನಾಟಕ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದೆ. ಹಳೆಯ ತೋಪುಗಳು ಮಾತ್ರ ಕಡಿದಷ್ಟೂ ಬುಡದಿಂದ ಚಿಗುರುತ್ತಿವೆ.

ಎಲ್ಲ ಕಡೆ ಮರವೇ ಉತ್ತರವೂ ಅಲ್ಲ. ಮುನ್ನಾರಿನ ಎತ್ತರದ ಬೆಟ್ಟಗಳಲ್ಲಿ ಶೋಲಾ ಕಾಡು ಕಣಿವೆಗಳಿಗೆ ಸೇರಿದ್ದು, ಗುಡ್ಡದ ಮೈ ಹುಲ್ಲಿಗೆ ಸೇರಿದ್ದು. ವಾಟಲ್ ತೆಗೆದ ಕಡೆ ಅಲ್ಲಿ ನೆಡಬೇಕಾದದ್ದು ಹುಲ್ಲು. ಆನಮುಡಿ ಶೋಲಾದ ಪಳತ್ತೋಟದಲ್ಲಿ ಸ್ಥಳೀಯರ ಕೈಯಿಂದ ಹಾಗೆಯೇ ಹುಲ್ಲಿನ ಸಸಿ ನೆಡಿಸಿದ್ದಾರೆ. ಸಸಿ ನೆಡುವ ಉತ್ಸಾಹಕ್ಕೆ ಹುಲ್ಲು ಬರಡು ಭೂಮಿಯಂತೆ ಕಾಣುತ್ತದೆ. ಮಳೆನೀರು ಹೀರಿ ಹೊಳೆಗೆ ಬಿಡುವುದು ಆ ಹುಲ್ಲೇ.

ಹಳೆಯ ಟ್ರಾಮ್ ದಾರಿ ಹಾದುಹೋಗುತ್ತಿದ್ದ ಚಾಲಕ್ಕುಡಿ ಹೊಳೆಯ ಕಾಡಿನಲ್ಲಿ ಕಾಡರ್ ಸಮುದಾಯದವರಿದ್ದಾರೆ. ವಾಳಚ್ಚಾಲ್‌ನ ಕಾಡರ್ ಹಾಡಿಗಳಿಗೆ 2014ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯದ ಹಕ್ಕು ದೊರೆಯಿತು. ಅವರಲ್ಲಿ ಹಲವರು ವರ್ಷಗಳಿಂದ ಮಂಗಟ್ಟೆ ಹಕ್ಕಿಯ ಗೂಡುಗಳನ್ನು ಕಾಯುತ್ತಿದ್ದಾರೆ. ಮಂಗಟ್ಟೆ ದೊಡ್ಡ ಹಣ್ಣು ನುಂಗಿ ದೂರ ಹಾರಿ ಬೀಜ ಉದುರಿಸುವ ಹಕ್ಕಿ. ಬೆಟ್ಟದ ಕೆಳಗಿನ ಮರವನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಕೆಲಸವನ್ನು ವಿಜ್ಞಾನಿಗಳು ಯೋಚಿಸುವ ಬಹಳ ಮೊದಲಿನಿಂದ ಅದು ಮಾಡುತ್ತಿದೆ. ಅದಕ್ಕೆ ಬೇಕಾದದ್ದು ಗೂಡಿಗೆ ಪೊಟರೆಯಿರುವ ಹಳೆಯ ಮರ, ಮತ್ತು ಒಂದು ಬೆಟ್ಟದಿಂದ ಇನ್ನೊಂದಕ್ಕೆ ಕಡಿಯದ ಕಾಡು.

ಪರಂಬಿಕುಳಂನ ಹಳೆಯ ತೇಗದ ಸಾಲುಗಳ ಅಡಿಯಲ್ಲಿ, ಕೊಡಲಿ ನಿಂತ ಮೇಲೆ, ಯಾರೂ ನೆಡದ ಕಾಡುಸಸಿಗಳು ತಲೆಯೆತ್ತಿವೆ. ಬೀಜ ಕೊಡುವ ಕಾಡು ಪಕ್ಕದಲ್ಲಿ ಉಳಿದ ಕಡೆ ಮಾತ್ರ ಇದು ಸಾಧ್ಯ. ಉಳಿಯದ ಕಡೆ ಮನುಷ್ಯರೇ ಆರಿಸಿ ತಂದು ನೆಡಬೇಕು, ಒಂದು ಜಾತಿಯನ್ನಲ್ಲ, ಹತ್ತಾರು ಜಾತಿಗಳನ್ನು, ತಂಪು ಕಣಿವೆಯ ಬೀಜವನ್ನೂ ಒಣ ಗುಡ್ಡದ ಬೀಜವನ್ನೂ ಬೆರೆಸಿ. 180 ವರ್ಷಗಳಲ್ಲಿ ಹಡಗು, ಕಾಗದ, ರೇಯಾನ್ ಎಂದು ಒಂದೇ ನಾಳೆಗೆ ಒಂದೇ ಮರ ನೆಟ್ಟವರಿಗೆಲ್ಲ ಬಂದದ್ದು ಬೇರೆಯೇ ನಾಳೆ. ಮಾವೂರಿನ ಕಾರ್ಖಾನೆ 2001ರಲ್ಲಿ ಮುಚ್ಚಿತು. ಹವಾಮಾನದ ನಾಳೆ ಹೇಗಿರುತ್ತದೆಂದು ಇವರೆಲ್ಲರಿಗಿಂತ ಹೆಚ್ಚು ಖಚಿತವಾಗಿ ಈಗಿನವರು ಹೇಳಬಲ್ಲರು ಎಂದುಕೊಳ್ಳಲು ಕಾರಣವಿಲ್ಲ. ಆ ಕಾರಣಕ್ಕೆ ಕೈಕಟ್ಟಿ ಕೂರುವಂತೆಯೂ ಇಲ್ಲ. ಮಳೆಗಾಲದಲ್ಲಿ ನೆಲಕ್ಕೆ ಬಿದ್ದ ಧೂಪದ ಬೀಜ ಮುಂದಿನ ವರ್ಷದ ಯೋಜನೆಗೆ ಕಾಯುವುದಿಲ್ಲ.